ಪಾಟೀಸವಾಲಿನಲ್ಲಿ ಸಾಕ್ಷಿ ಕೈತಪ್ಪಿ ಹೋಗುತ್ತಾನೆ, ಏನು ಮಾಡಲಿ?

ಪ್ರಶ್ನೆ: ನಾನು ಜೂನಿಯರ್ ವಕೀಲ. ಡ್ರಾಫ್ಟಿಂಗ್ (ಕೋರ್ಟಿನ ಕಾಗದಪತ್ರ ಬರೆಯುವುದು) ಪರವಾಗಿಲ್ಲ. ಆದರೆ ಪಾಟೀಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು, ನಿಂತರೆ ಸಾಕ್ಷಿ ಒಂದು ಪ್ರಶ್ನೆಗೆ ಹತ್ತು ಮಾತಾಡಿ ತನ್ನ ಕಥೆಯನ್ನು ಇನ್ನೂ ಗಟ್ಟಿ ಮಾಡಿಕೊಂಡು ಇಳಿದು ಹೋಗುತ್ತಾನೆ. ಇದನ್ನು ಕಲಿಯುವುದು ಹೇಗೆ?

ಉತ್ತರ 1: "ಯಾಕೆ", "ಹೇಗೆ" ಅಂತ ಕೇಳುವುದನ್ನು ಮೊದಲು ಬಿಡಿ. ನಮ್ಮ ಸಾಕ್ಷಿಯನ್ನು ನಾವೇ ಪ್ರಶ್ನಿಸುವ ಮುಖ್ಯ ವಿಚಾರಣೆಯಲ್ಲಿ ಸಾಮಾನ್ಯವಾಗಿ ಉತ್ತರ ಸೂಚಿಸುವ ಪ್ರಶ್ನೆ ಕೇಳುವ ಹಾಗಿಲ್ಲ, ಪಾಟೀಸವಾಲಿನಲ್ಲಿ ಕೇಳಬಹುದು, ಅದನ್ನು ಪೂರ್ತಿ ಬಳಸಿಕೊಳ್ಳಿ. "ಆಗ ಕತ್ತಲಾಗಿತ್ತು ಅಲ್ವಾ?" "ಬೀದಿ ದೀಪ ಉರಿಯುತ್ತಿರಲಿಲ್ಲ ಅಲ್ವಾ?" ಒಂದು ಪ್ರಶ್ನೆಗೆ ಒಂದೇ ಸಂಗತಿ. "ಹಾಗಾದರೆ ಮುಖ ಹೇಗೆ ಕಂಡಿತು?" ಅಂತ ಮಾತ್ರ ಕೇಳಬೇಡಿ, ಅದು ವಾದಕ್ಕಿರಲಿ.

ಉತ್ತರ 2: ಒಪ್ಪುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸಬೇಡಿ ಸರ್. ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಅಂತ ಆಮೇಲೆ ವಾದಿಸುವುದಾದರೆ ಅದನ್ನು ಅವನಿಗೇ ಹೇಳಿ ಉತ್ತರ ಕೊಡಲು ಅವಕಾಶ ಕೊಡಬೇಕು. ಇಂಗ್ಲೆಂಡಿನ ಬ್ರೌನ್ ವಿರುದ್ಧ ಡನ್ (1893) ಪ್ರಕರಣದಿಂದ ಬಂದ ನಿಯಮ ಇದು. ಜೂನಿಯರ್‌ಗಳು ಜಾಸ್ತಿ ಎಡವುವುದು ಇಲ್ಲೇ.

ಉತ್ತರ 3: ಸಾಕ್ಷಿಯ ಹಳೆಯ ಹೇಳಿಕೆಗೂ ಇವತ್ತಿನದಕ್ಕೂ ವ್ಯತ್ಯಾಸ ಇದ್ದರೆ ಸುಮ್ನೆ ಕಾಗದ ಬೀಸಬೇಡಿ. ಇವತ್ತಿನ ಮಾತನ್ನು ಮೊದಲು ಅವನ ಬಾಯಲ್ಲೇ ಖಚಿತಪಡಿಸಿಕೊಳ್ಳಿ. ಆಮೇಲೆ ಹಳೆಯ ಹೇಳಿಕೆಯ ಆ ಸಾಲನ್ನೇ ತೋರಿಸಿ, ದಾಖಲಾಗುವವರೆಗೆ ಮುಂದಿನ ಪ್ರಶ್ನೆಗೆ ಹೋಗಬೇಡಿ.