ಸಹಾಯ ಬೇಕು: ಬ್ಯಾಗಿಗೆ ಸಿಕ್ಕಿಸುವ ಸಣ್ಣ ವಾಟರ್‌ಪ್ರೂಫ್ ಲೈಟ್

ನಮಸ್ಕಾರ. ಮುಂದಿನ ತಿಂಗಳು ಸೂರ್ಯೋದಯ ನೋಡೋಕೆ ಸ್ಕಂದಗಿರಿ ಹತ್ತುತ್ತಿದ್ದೇವೆ. ಕತ್ತಲಲ್ಲೇ ಹೊರಡಬೇಕು, ಜೊತೆಗೆ ಮಂಜು ಬೇರೆ ಕವಿದಿರುತ್ತೆ. ಎಲ್ಲರ ಹತ್ತಿರ ಹೆಡ್‌ಲ್ಯಾಂಪ್ ಇದೆ. ಆದರೆ ಅದರ ಬೆಳಕು ಮುಂದಕ್ಕೆ ಮಾತ್ರ. ಸ್ವಲ್ಪ ಅಂತರ ಬಿದ್ದರೆ ಮುಂದೆ ಹೋದವರು ಎಲ್ಲಿದ್ದಾರೆ ಅಂತ ಗೊತ್ತೇ ಆಗಲ್ಲ. ಅದಕ್ಕೆ ಬ್ಯಾಗಿನ ಹಿಂದೆ ಸಿಕ್ಕಿಸುವ ಸಣ್ಣ ಮಾರ್ಕರ್ ಲೈಟ್ ಬೇಕು. ಮಂದವಾದ ಕೆಂಪು ಬೆಳಕಾದರೆ ಒಳ್ಳೆಯದು, ಹಿಂದಿನವರ ಕಣ್ಣು ಕುಕ್ಕಲ್ಲ. ಮಿಣುಕುವುದು ಬೇಡ, ದಾರಿಯುದ್ದಕ್ಕೂ ಅದನ್ನೇ ನೋಡಿದರೆ ತಲೆನೋವು ಗ್ಯಾರಂಟಿ!

ವಾಟರ್‌ಪ್ರೂಫ್ ರೇಟಿಂಗ್ ನೋಡಿದೆ: ಐಪಿಎಕ್ಸ್4 ನೀರು ಸಿಡಿದರೆ ತಡೆಯುತ್ತೆ, ಐಪಿಎಕ್ಸ್7 ಆದರೆ 1 ಮೀಟರ್ ನೀರಲ್ಲಿ 30 ನಿಮಿಷ. ಜೋರು ಮಳೆಗೆ 4 ಸಾಕಾ? ಸಿಆರ್2032 ಬಟನ್ ಸೆಲ್ ಹಾಕೋದು ತಗೊಳ್ಳಲಾ, ಯುಎಸ್‌ಬಿ ಚಾರ್ಜ್ ಮಾಡೋದಾ? ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾದರೆ ನೀರು ಒಳಗೆ ಹೋಗುತ್ತೆ ಅಲ್ವಾ? ಬಳಸಿದವರು ದಯವಿಟ್ಟು ಹೇಳಿ.