ಚಮಚ ಅಂತಾನೆ, ಆದ್ರೆ ಅದ್ರಿಂದ ಏನ್ ಮಾಡ್ತೀವಿ ಅಂದ್ರೆ ಉತ್ತರ ಬರಲ್ಲ

ಹಾಸನದ ಅಮ್ಮ:
ಎಲ್ರಿಗೂ ನಮಸ್ಕಾರ. ನನ್ ಮಗನಿಗೆ ಇನ್ನೇನು ನಾಲ್ಕು ತುಂಬುತ್ತೆ, ಮಾತು ಲೇಟು ಅಂತ ಸ್ಪೀಚ್ ಥೆರಪಿಗೆ ಕರ್ಕೊಂಡ್ ಹೋಗ್ತಿದೀವಿ. ಮನೇಲಿ ವಸ್ತುಗಳ ಉಪಯೋಗ ಹೇಳ್ಕೊಡಿ ಅಂದಿದಾರೆ, ಅಂದ್ರೆ ಬಾಚಣಿಗೆ ತೋರ್ಸಿ ಇದ್ರಿಂದ ಏನ್ ಮಾಡ್ತೀವಿ ಅಂತ ಕೇಳೋದು. ಹೆಸ್ರು ಹೇಳ್ತಾನೆ, ಚಮಚ, ಸೋಪು, ಬೀಗ ಎಲ್ಲಾ. ಆದ್ರೆ "ಚಮಚದಿಂದ ಏನ್ ಮಾಡ್ತೀವಿ?" ಅಂದ್ರೆ ಅವ್ನೂ "ಏನ್ ಮಾಡ್ತೀವಿ" ಅಂತಾನೆ ಅಷ್ಟೆ. ಚಿತ್ರ ಇರೋ ಫ್ಲ್ಯಾಶ್ ಕಾರ್ಡ್ ತೆಗೆದ್ರೆ ಎದ್ದು ಓಡ್ತಾನೆ, ಆದ್ರೆ ಉಪ್ಪಿಟ್ಟು ತಿನ್ನುವಾಗ ಅದೇ ಚಮಚ ಸರಿಯಾಗೇ ಹಿಡಿದು ತಿಂತಾನೆ, ಹಾಗಾದ್ರೆ ಗೊತ್ತಿದೆಯೋ ಇಲ್ವೋ ಅನ್ನೋದೇ ನಂಗೆ ತಿಳೀತಿಲ್ಲ. ಕಾರ್ಡೆಲ್ಲಾ ಇಂಗ್ಲಿಷು, ಮನೇಲಿ ಅತ್ತೆ ಮಾವ ಮಾತಾಡೋದು ಕನ್ನಡ, ಯಾವುದ್ರಲ್ಲಿ ಹೇಳ್ಕೊಡ್ಲಿ?

ಮೈಸೂರು, ಸ್ಪೀಚ್ ಥೆರಪಿಸ್ಟ್:
ಅಮ್ಮ, ಅವ್ನಿಗೆ ಚಮಚದ ಕೆಲ್ಸ ಗೊತ್ತಿದೆ, ಕೈಗೆ ಗೊತ್ತಿರೋದು ಇನ್ನೂ ಬಾಯಿಗೆ ಬಂದಿಲ್ಲ. ಪ್ರಶ್ನೇನೇ ವಾಪಸ್ ಹೇಳ್ತಿದಾನೆ ಅಂದ್ರೆ ಆ ಪ್ರಶ್ನೆ ಅವ್ನಿಗೆ ಸದ್ಯಕ್ಕೆ ಭಾರ ಆಗ್ತಿದೆ ಅಂತ, ಹಠ ಅಲ್ಲ. ಅದನ್ನ ಸ್ವಲ್ಪ ದಿನ ಬಿಡಿ. ಮೊದ್ಲು ಲೋಟ, ಬಾಚಣಿಗೆ ಎರಡೇ ಮುಂದಿಟ್ಟು "ನೀರು ಕುಡಿಯೋದು ಕೊಡು" ಅನ್ನಿ, ವಸ್ತುವಿನ ಹೆಸ್ರು ಮಾತ್ರ ಹೇಳ್ಬೇಡಿ. ಎತ್ಕೊಟ್ರೆ ಅದೇ ಉತ್ತರ, ಮಾತು ಬರ್ದೇ ಇದ್ರೂ ಪರ್ವಾಗಿಲ್ಲ. ಎರಡು ಸಲೀಸಾದ್ಮೇಲೆ ಮೂರು ಇಡಿ.

ಆಮೇಲೆ ವಾಕ್ಯ ನೀವ್ ಶುರು ಮಾಡಿ ಕೊನೇ ಪದ ಅವ್ನಿಗೆ ಬಿಡಿ. ಕನ್ನಡದಲ್ಲಿ ಕ್ರಿಯೆ ಕೊನೇಗೇ ಬರೋದ್ರಿಂದ ಇದು ತುಂಬಾ ಅನುಕೂಲ. ತಲೆ ಬಾಚ್ತಾ ಬಾಚ್ತಾ "ಬಾಚಣಿಗೇಲಿ ತಲೆ..." ಅಂತ ನಿಲ್ಸಿ, ಮುಖ ನೋಡ್ತಾ ಮನಸಲ್ಲೇ ಐದರ ತನಕ ಎಣಿಸಿ. ನಾವು ದೊಡ್ಡೋರು ಈ ಕಾಯೋದನ್ನೇ ಮಾಡಲ್ಲ, ನಾವೇ ಹೇಳ್ಬಿಡ್ತೀವಿ. "ಬಾ" ಅಂತಷ್ಟೇ ಬಂದ್ರೂ "ಹೂಂ, ಬಾಚ್ತೀವಿ!" ಅಂತ ಪೂರ್ತಿ ಮಾಡಿ. ಏನೂ ಬರ್ಲಿಲ್ವಾ, ನೀವೇ ಹೇಳಿ ಮುಂದೆ ಹೋಗಿ, ಮತ್ತೆ ಮತ್ತೆ ಕೇಳಿ ಪರೀಕ್ಷೆ ಮಾಡ್ಬೇಡಿ.

ಕಾರ್ಡು ಸದ್ಯಕ್ಕೆ ಬೀರು ಒಳಗಿರ್ಲಿ, ಮೊದ್ಲು ನಿಜವಾದ ವಸ್ತು, ಆಮೇಲೆ ಫೋಟೋ, ಚಿತ್ರ ಕೊನೇಗೆ. ಮನೇಲಿ ಆಡೋ ಕನ್ನಡದಲ್ಲೇ ಹೇಳ್ಕೊಡಿ, ಎರಡು ಭಾಷೆ ಕಿವಿಗೆ ಬೀಳೋದ್ರಿಂದ ಮಾತು ತಡ ಆಗಲ್ಲ, ಅತ್ತೇನ ಧಾರಾಳವಾಗಿ ಮಾತಾಡೋಕ್ ಬಿಡಿ.

ಧಾರವಾಡದಾಕಿ:
ಅಕ್ಕಾರ, ನನ್ ಮಗಳಿಗೂ ಇದೇ ಮಾಡಿಸೇವ್ರಿ. ಕೂಡಿಸಿ ಪಾಠ ಮಾಡಿದ್ರ ನಡೀಲಿಲ್ಲ, ಅಡಗಿಮನ್ಯಾಗ ಮಾಡಿದ್ರ ನಡೀತು. ಊಟಕ್ಕ ಅನ್ನ ಸಾರು ಹಾಕಿ ಚಮಚಾ ಕೊಡದ ಸುಮ್ನ ಕೂಡೋದು, ಅಕಿ ನನ್ ಮುಖ ನೋಡೋದು, ಆಮ್ಯಾಲ "ತಿನ್ನಾಕ?" ಅಂತ ನಾನು ಅನ್ನೋದು. ಒಮ್ಮೆ ಚಮಚಾ ತಗೊಂಡು ಅಕಿ ತಲಿ ಬಾಚಾಕ ಹೋದೆ, ಕೈ ಹಿಡ್ದು "ಬ್ಯಾಡ, ತಿನ್ನೂದು!" ಅಂದ್ಳು ನೋಡ್ರಿ, ನನಗ ಕಣ್ಣಾಗ ನೀರು ಬಂತು. ಇನ್ನೊಂದು, ನಾವು ಕಸಬರಗಿ ಅಂತೀವಿ, ಥೆರಪಿಯೊಳಗ ಪೊರಕೆ ಅಂತಿದ್ರು, ಕೂಸು ಗಲಿಬಿಲಿ ಆಗ್ತಿತ್ತು. ಮನ್ಯಾಗ ಏನಂತೀರಿ ಅನ್ನೋದನ್ನ ಅವರಿಗೆ ಬರ್ದು ಕೊಡ್ರಿ.

ಹಾಸನದ ಅಮ್ಮ:
ತುಂಬಾ ಥ್ಯಾಂಕ್ಸ್ ಅಕ್ಕ, ಮೇಡಂ. ಒಂದ್ ಡೌಟು, ಲೋಟ ಅಂದ್ರೆ ಅವ್ನ ನೀಲಿ ಲೋಟ ಮಾತ್ರ ಕೊಡ್ತಾನೆ, ಸ್ಟೀಲ್ ಲೋಟ ಇಟ್ರೆ ಸುಮ್ನಿರ್ತಾನೆ.

ಮೈಸೂರು, ಸ್ಪೀಚ್ ಥೆರಪಿಸ್ಟ್:
ಹಾಗಾದ್ರೆ ಲೋಟ ಬದಲಾಯಿಸ್ತಾ ಇರಿ, ಸ್ಟೀಲು, ಗಾಜು, ಅಜ್ಜಂದು, ಎಲ್ಲದ್ರಲ್ಲೂ ಒಂದೊಂದ್ ಗುಟುಕು ನೀರು ಕುಡಿಸಿ "ಕುಡಿಯೋದು" ಅನ್ನಿ. ಜಾಗಾನೂ ಬದಲಾಗ್ಲಿ, ಅಜ್ಜಿ ಮನೇಲೂ ಕೇಳಿ. ನೀವಲ್ದೆ ಬೇರೆಯೋರು ಬೇರೆ ಲೋಟ ಇಟ್ಟು ಕೇಳಿದಾಗ್ಲೂ ಎತ್ಕೊಟ್ರೆ ಕಲ್ತಿದಾನೆ ಅಂತ ಲೆಕ್ಕ.

ಮಂಡ್ಯದ ಅಪ್ಪ:
ಮೇಡಂ ಹೇಳಿದ್ದೆಲ್ಲಾ ಮಾಡಿ ಸಿಸ್ಟರ್, ಜೊತೆಗೆ ಕಿವಿ ಟೆಸ್ಟ್ ಆಗಿದೆಯಾ ಅಂತ ನೋಡ್ಕೊಳ್ಳಿ, ಮಾತು ತಡ ಇದ್ರೆ ಮೊದ್ಲು ಮಾಡ್ಬೇಕಾದ್ದೇ ಅದು. ಆಗಿಲ್ಲ ಅಂದ್ರೆ ಮೈಸೂರಿನ ಮಾನಸಗಂಗೋತ್ರಿಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡ್ ಹೋಗಿ, 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ, ಕಿವಿ, ಮಾತು ಎರಡೂ ಅಲ್ಲೇ ನೋಡ್ತಾರೆ. ಹಳೇ ರಿಪೋರ್ಟ್ ಇದ್ರೆ ಎಲ್ಲಾ ತಗೊಂಡ್ ಹೋಗಿ.