ತುಮಕೂರು ರೈಲಿನ ವರ್ಷದ ಲೆಕ್ಕ

ಡಿಸೆಂಬರ್ ಕೊನೆ ಬಂತು ಅಂದರೆ ನಮ್ಮ ಬೋಗಿಯಲ್ಲಿ ಲೆಕ್ಕ ಶುರು. ವರ್ಷದಲ್ಲಿ ಯಾರು ಎಷ್ಟು ಸಿನಿಮಾ ನೋಡಿದರು, ಎಷ್ಟು ಪುಸ್ತಕ ಓದಿದರು ಅಂತ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ಪಾಸಿನವರು ನಾವು. ಸೀಟು ಹಿಡಿದಾದ ಮೇಲೆ ಮಾತಾಡದೆ ಇನ್ನೇನು ಮಾಡೋದು?

ರೈಲು ಕ್ಯಾತ್ಸಂದ್ರ ದಾಟುವ ಮೊದಲೇ ಶಿವು ಘೋಷಿಸಿದ. "2025ರಲ್ಲಿ ನಂದು ನೂರಾ ನಲವತ್ತು ಸಿನಿಮಾ."

"ಆಫೀಸಿಗೆ ಯಾವಾಗ ಹೋಗಿದ್ದೆ?" ಅಂದರು ಜಯಕ್ಕ.

"ಇದೇ ಸೀಟಲ್ಲಿ ನೋಡಿದ್ದಕ್ಕಾ. ಒಂದೂವರೆ ಸ್ಪೀಡಿಗೆ ಇಟ್ಟು, ಹಾಡು ಫೈಟು ಓಡಿಸಿದರೆ ಯಶವಂತಪುರದೊಳಗೆ ಒಂದು ಸಿನಿಮಾ ಖತಂ."

ಅವನ ಪಕ್ಕ ಕೂತವರಿಗೆ ಇದರ ಕಷ್ಟ ಗೊತ್ತು. ಅವನ ಇಯರ್‌ಫೋನು ಆಗಾಗ ಕೈಕೊಡುತ್ತದೆ, ಆಮೇಲೆ ಸಿನಿಮಾ ಇಡೀ ಬೋಗಿಗೆ. ತಾಯಿ ಸತ್ತು ನಾಯಕಿ ಅಳುತ್ತಿದ್ದರೆ ಒಂದೂವರೆ ಸ್ಪೀಡಿನಲ್ಲಿ ಬಿಕ್ಕಳಿಕೆ ಬಂದ ಹಾಗೆ ಕೇಳಿಸುತ್ತದೆ. ಒಮ್ಮೆ ಹಿಂದಿನ ಸೀಟಿನ ಅಜ್ಜಿ ಪಾಪ ನೀರಿನ ಬಾಟಲಿ ಮುಂದಕ್ಕೆ ಕೊಟ್ಟಿದ್ದರು.

ಮೇಷ್ಟ್ರು ಬಿಡಲಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವರು, ಸುಮ್ನೆ ಬಿಡ್ತಾರಾ? "ನೂರಾ ನಲವತ್ತರಲ್ಲಿ ಒಂದರ ಕಥೆ ಹೇಳಪ್ಪ."

ಶಿವು ಕಿಟಕಿಯಾಚೆ ನೋಡಿದ. "ಒಬ್ಬ ಇರ್ತಾನೆ ಸಾರ್. ಅವನಿಗೆ ಒಂದು ಫ್ಲ್ಯಾಶ್‌ಬ್ಯಾಕ್ ಇರುತ್ತೆ."

ಆಮೇಲೆ ನಿಜ ಹೊರಬಿತ್ತು. ನೂರಾ ನಲವತ್ತರಲ್ಲಿ ಅರ್ಧಕ್ಕರ್ಧ ಸಿನಿಮಾಗಳೇ ಅಲ್ಲ. ಇಡೀ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಡಿಯೊಗಳು. ಅದೂ ಒಂದೂವರೆ ಸ್ಪೀಡಿನಲ್ಲಿ.

"ಕಥೆ ಗೊತ್ತಾಯ್ತಲ್ಲ, ನೋಡಿದ ಹಾಗೇ ಅಲ್ವಾ?" ಅನ್ನೋದು ಅವನ ವಾದ. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಮದುವೆಗೆ ಹೋಗದೆ ಮೆನು ಕೇಳಿಕೊಂಡು ಬಂದರೆ ಹೊಟ್ಟೆ ತುಂಬುತ್ತೇನಯ್ಯಾ ಅಂದರು.

ನಡುವೆ ಬಾಯಿ ಹಾಕಿದವರು ಪ್ರಭಣ್ಣ. ಬ್ಯಾಂಕಿನವರು. ಅವರ ಲೆಕ್ಕ ಯಾವತ್ತೂ ರೂಪಾಯಿಯಲ್ಲಿ. ಸೆಪ್ಟೆಂಬರಿನಲ್ಲಿ ಸರ್ಕಾರ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ಇವರು ಬೋಗಿಯಲ್ಲಿ ಎಲ್ಲರಿಗೂ ಕಡ್ಲೆಮಿಠಾಯಿ ಹಂಚಿದ್ದರು. ಅಕ್ಟೋಬರ್ 2ಕ್ಕೆ 'ಕಾಂತಾರ'ದ ಹೊಸ ಭಾಗ ಬರುತ್ತೆ, ಬೆಂಗಳೂರಿನ ಮಾಲಿನಲ್ಲೇ ಇಡೀ ಸಂಸಾರ ಕೂರಿಸಿ ತೋರಿಸ್ತೀನಿ ಅಂತ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಹಂಚಿದ ಕಡ್ಲೆಮಿಠಾಯಿ ವಾಪಸ್ ಕೇಳಲಿಲ್ಲ, ಅಷ್ಟು ಮಾತ್ರ ಅವರ ದೊಡ್ಡತನ.

"ಕೊನೆಗೆ ಎಲ್ಲಿ ನೋಡಿದ್ರಿ?"

"ನಮ್ಮೂರ ಟಾಕೀಸಲ್ಲೇ. ಫ್ಯಾನು ತಿರುಗಿದಾಗೆಲ್ಲ ಕಿರ್ ಅನ್ನೋದು. ಕಾಡಿನ ಸೀನಿಗೆ ಚೆನ್ನಾಗಿ ಹೊಂದ್ಕೊಂಡಿತ್ತು."

ಪ್ರಭಣ್ಣನಿಗೆ ಈ ವರ್ಷ ನಿಜವಾಗಿ ಖುಷಿ ಕೊಟ್ಟಿದ್ದು 'ಸು ಫ್ರಮ್ ಸೋ'. ಸೋಮೇಶ್ವರದ ಸುಲೋಚನಾ ಅನ್ನೋ ದೆವ್ವ ಮೈಮೇಲೆ ಬಂದ ಹಾಗೆ ನಟಿಸುವವನ ಕಥೆ. ಜುಲೈನಲ್ಲಿ ಬಂತು, ಬಾಯಿಂದ ಬಾಯಿಗೆ ಹರಡಿ ಟಿಕೆಟ್ಟೇ ಸಿಗದ ಹಾಗಾಯಿತು. ನನ್ನ ಮಟ್ಟಿಗೆ ವರ್ಷದ ಸಿನಿಮಾ ಅದೇ. ಪಕ್ಕದ ಸೀಟಿನ ಗುರುತಿಲ್ಲದವರ ಜೊತೆ ಹೊಟ್ಟೆ ಹಿಡಿದು ನಗುವ ಸುಖ ಫೋನಿನಲ್ಲಿ ಎಲ್ಲಿಂದ ಬರಬೇಕು?

ಸುಲೋಚನಾ ಅಂದಿದ್ದೇ ತಡ, ಮೇಷ್ಟ್ರು ನೆಟ್ಟಗೆ ಕೂತರು. "ಕನ್ನಡದ ಮೊದಲ ಮಾತಿನ ಚಿತ್ರ ಯಾವುದು ಹೇಳಿ? 1934ರ 'ಸತಿ ಸುಲೋಚನಾ'. ಇಂದ್ರಜಿತುವಿನ ಹೆಂಡತಿ. 91 ವರ್ಷ ಆದ ಮೇಲೂ ಜನ ಕ್ಯೂ ನಿಂತಿದ್ದು ಸುಲೋಚನಾ ಹೆಸರಿಗೇ."

"ಆಗ ಸತಿ, ಈಗ ದೆವ್ವ," ಅಂದರು ಜಯಕ್ಕ. "ನಡುವೆ ಮಾಮೂಲಿ ಹೆಂಗಸಾಗಿ ಇರೋಕೆ ಬಿಡಲಿಲ್ಲ ನೋಡಿ."

ಗಂಡಸರೆಲ್ಲ ಕಿಟಕಿಯಾಚೆ ನೋಡಿದೆವು. ಹಿರೇಹಳ್ಳಿ ಬಂದಿತ್ತು.

"ಅದನ್ನೂ ನೋಡಿದ್ದೀನಿ ಸಾರ್, 'ಸತಿ ಸುಲೋಚನಾ'," ಅಂದ ಶಿವು.

ಮೇಷ್ಟ್ರು ಕನ್ನಡಕ ತೆಗೆದರು. "ಅದರ ಪ್ರಿಂಟೇ ಉಳಿದಿಲ್ಲ ಕಣಯ್ಯಾ!"

"ಆರು ನಿಮಿಷದ ವಿಡಿಯೊ ಇತ್ತು."

ಅವನ ನೂರಾ ನಲವತ್ತನ್ನು ಸರ್ವಾನುಮತದಿಂದ ಅರವತ್ತಕ್ಕೆ ಇಳಿಸಲಾಯಿತು.

ಪುಸ್ತಕದ ಲೆಕ್ಕಕ್ಕೆ ಬಂದಾಗ ಬೋಗಿ ಸ್ವಲ್ಪ ತಣ್ಣಗಾಯಿತು. ಪ್ರಭಣ್ಣ ಒಂದೂ ಓದಿಲ್ಲ. ಆದರೆ ಸೋಲುವ ಜನ ಅಲ್ಲ. "ಮನೆ ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟಿದ್ದೀನಿ. ಊರಲ್ಲಿ ಯಾರು ಓದಿದರೂ ಅದರಲ್ಲಿ ನನ್ನ ಪಾಲಿದೆ." ಇಂಥ ವಾದಕ್ಕೆ ಉತ್ತರ ಎಲ್ಲಿದೆ?

ಜಯಕ್ಕ ನವೆಂಬರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದ ಅರ್ಧ ಬೆಲೆ ಮಾರಾಟದಲ್ಲಿ ಚೀಲ ತುಂಬಿಸಿಕೊಂಡು ಬಂದಿದ್ದರು. ಪುಸ್ತಕಗಳು ಫ್ರಿಜ್ಜಿನ ಮೇಲೆ ಕೂತಿವೆಯಂತೆ. ಮೇಲಿನ ಎರಡು ಓದಿಯಾಗಿದೆ, ಕೆಳಗಿನವನ್ನು ಎಳೆದರೆ ಎಲ್ಲ ಬೀಳುತ್ತವೆ ಅಂತ ಅಲ್ಲಿಗೇ ನಿಲ್ಲಿಸಿದ್ದಾರೆ. ಆದರೆ ಬಾನು ಮುಷ್ತಾಕ್ ಅವರ ಕಥೆಗಳನ್ನು ಮಾತ್ರ ಇಂಟರ್‌ನ್ಯಾಷನಲ್ ಬುಕರ್ ಬರುವ ಎಷ್ಟೋ ವರ್ಷ ಮೊದಲೇ ಓದಿದ್ದರು. ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಪ್ರಶಸ್ತಿ ಬಂದ ಮಾರನೇ ದಿನ ಅವರ ಆಫೀಸಿನ ಹುಡುಗಿ ಇಂಗ್ಲಿಷ್ ಪ್ರತಿ ಹಿಡಿದು ಕೇಳಿದಳಂತೆ.

"ಮೇಡಂ, ಇದು ಕನ್ನಡಕ್ಕೂ ಟ್ರಾನ್ಸ್‌ಲೇಟ್ ಆಗಿದೆಯಾ?"

"ಆಗಿದೆ. ಬಾನು ಮುಷ್ತಾಕ್ ಅವರೇ ಮಾಡಿದ್ದಾರೆ."

"ಪರವಾಗಿಲ್ವೇ, ಕನ್ನಡನೂ ಬರುತ್ತಾ ಅವರಿಗೆ!"

ನಗು ಡಾಬಸ್‌ಪೇಟೆವರೆಗೂ ನಿಲ್ಲಲಿಲ್ಲ. ದೀಪಾ ಭಾಸ್ತಿ ಅವರ ಅನುವಾದ ಅಷ್ಟು ಚೆನ್ನಾಗಿತ್ತು ಅಂತ ತಿಳ್ಕೋಬೇಕು ಅಂದರು ಮೇಷ್ಟ್ರು.

ಇನ್ನು ಮೇಷ್ಟ್ರದ್ದು. ಇಡೀ ವರ್ಷಕ್ಕೆ ಒಂದೇ ಪುಸ್ತಕ. ಅದೂ ಮೊದಲೇ ಓದಿದ್ದು. ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಸುದ್ದಿ ಬಂದ ದಿನ ಮೇಷ್ಟ್ರು ಅವರ 'ಗೃಹಭಂಗ' ತೆಗೆದರು. 1970ರಲ್ಲಿ ಬಂದ ಕಾದಂಬರಿ. ಮೇಷ್ಟ್ರ ತಾಯಿಯ ಕಡೆಯವರು ತಿಪಟೂರಿನ ಆಚೆಯವರು. ಅಲ್ಲಿನ ತೆಂಗಿನ ತೋಟ, ಶಾನುಭೋಗಿಕೆ, ಪ್ಲೇಗಿಗೆ ಹೆದರಿ ಊರಾಚೆ ಗುಡಿಸಲು ಹಾಕಿಕೊಂಡಿದ್ದು ಎಲ್ಲ ಅವರಿಗೆ ಮನೆಯ ಮಾತು. ಹೀಗಾಗಿ ಪುಸ್ತಕ ಮುಂದಕ್ಕೇ ಹೋಗುವುದಿಲ್ಲ. ಗಂಡ ಚೆನ್ನಿಗರಾಯ ತಿಂದು ಮಲಗಿರುತ್ತಾನೆ, ಅತ್ತೆ ಗಂಗಮ್ಮ ಬೈಯುತ್ತಿರುತ್ತಾಳೆ, ಶಾನುಭೋಗಿಕೆಯ ಲೆಕ್ಕವನ್ನೆಲ್ಲ ನಂಜಮ್ಮ ಬರೆಯುತ್ತಿರುತ್ತಾಳೆ. ಅಲ್ಲಿಗೆ ಬಂದಾಗ ಮೇಷ್ಟ್ರು ಪುಸ್ತಕ ಮುಚ್ಚಿ, "ಥೂ, ಇವನ ಮನೆ ಹಾಳಾಗ" ಅಂತ ಬೈಯುತ್ತಾರೆ. ಎದುರು ಸೀಟಿನವರು ತಮಗೇ ಅಂದುಕೊಂಡು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಮನೆಯಲ್ಲೂ ಇದೇ ಬೈಗುಳ ನಡೆದಿರಬೇಕು. ಒಂದು ರಾತ್ರಿ ಅವರ ಹೆಂಡತಿ ಅಡುಗೆಮನೆಯಿಂದ ಹೇಳಿದರಂತೆ, "ನಂಜಮ್ಮನ ಕಷ್ಟಕ್ಕೆ ಇಷ್ಟು ಮರುಗ್ತೀರಿ, ಸಂತೋಷ. ತಿಂದ ತಟ್ಟೆ ಎತ್ತೋದರಲ್ಲಿ ಮಾತ್ರ ನೀವು ಚೆನ್ನಿಗರಾಯನೇ."

"ಆಮೇಲೆ?"

"ಆಮೇಲೇನು, ಎತ್ತುತ್ತಿದ್ದೀನಿ."

ಮೇಷ್ಟ್ರದ್ದನ್ನು ಒಂದು ಅಂತ ಬರೆಯಬೇಕೋ ಹತ್ತು ಅಂತಲೋ ಎಂಬ ಜಗಳ ಬಗೆಹರಿಯಲಿಲ್ಲ. ಅಷ್ಟರಲ್ಲಿ ಅವರು ಪುಸ್ತಕವನ್ನು ಶಿವು ತೊಡೆಯ ಮೇಲೆ ಇಟ್ಟರು. ಪುಟಗಳ ನಡುವೆ ಗುರುತಿಗೆ ಅಂತ ಹಳೇ ಪಾಸು. ಅಂಚಿನಲ್ಲೆಲ್ಲ ಪೆನ್ಸಿಲ್ ಗೀಟು.

"ಇದರಲ್ಲಿ ಸ್ಪೀಡ್ ಬಟನ್ ಎಲ್ಲಿದೆ ಸಾರ್?" ಅಂದ ಅವನು. ಗಿರೀಶ್ ಕಾಸರವಳ್ಳಿಯವರು ಇದನ್ನು ಧಾರಾವಾಹಿ ಮಾಡಿದ್ದಾರೆ ಅಂತ ಪ್ರಭಣ್ಣ ಬಾಯಿಬಿಡಬಾರದಿತ್ತು. ಶಿವು ಕೈ ತಕ್ಷಣ ಫೋನಿಗೆ ಹೋಯಿತು. ಜಯಕ್ಕ ಫೋನು ಕಿತ್ತುಕೊಂಡು ಚಿಕ್ಕಬಾಣಾವರದವರೆಗೆ ಬ್ಯಾಗಿನಲ್ಲಿ ಇಟ್ಟುಕೊಂಡರು.

ಸೋಮವಾರ ಶಿವು ಬಂದ. ಕಿವಿಯಲ್ಲಿ ಇಯರ್‌ಫೋನಿಲ್ಲ. ಸೀಟಿಗೂ ಜಗಳ ಆಡಲಿಲ್ಲ, ಬಾಗಿಲ ಹತ್ತಿರ ನಿಂತುಕೊಂಡೇ ಕೇಳಿದ. "ಸಾರ್, ಈ ಗಂಗಮ್ಮ ಇಷ್ಟೆಲ್ಲ ಬೈದರೂ ಯಾರೂ ಏನೂ ಕೇಳಲ್ವಾ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಪ್ರಭಣ್ಣ ಪೇಪರಿನಿಂದ ತಲೆ ಎತ್ತಿದರು. "ಯಾವ ಗಂಗಮ್ಮ? ಲೇಡೀಸ್ ಬೋಗಿಯವರಾ?"